ಇಷ್ಟವೇ ಇಲ್ಲದ ಹಾಡು ಕೇಳಿ ಗಂಟಲು ಕಟ್ಟಿತು. ನಿಮಗೂ ಹೀಗೆ ಆಗಿದೆಯಾ?

ಚಿತ್ತಾಪುರದವ · ಶನಿವಾರ ರಾತ್ರಿ 9:12

ಸುಮ್ನೆ ಒಂದು ಪ್ರಶ್ನೆ. ನಗಬೇಡಿ.

ಮೊನ್ನೆ ಊರಿಗೆ ಬಂದೆ. ಪುಣೆಯಿಂದ ರೈಲು, ವಾಡಿಯಲ್ಲಿ ಇಳಿದೆ, ಅಲ್ಲಿಂದ ಟಂಟಂ. ಹನ್ನೊಂದು ಜನ, ಎರಡು ತೊಗರಿ ಚೀಲ, ಒಂದು ಕುರಿಮರಿ. ಡ್ರೈವರ್ ಫೋನಿಗೆ ಸ್ಪೀಕರ್ ಸಿಕ್ಕಿಸಿ ಹಾಡು ಹಚ್ಚಿದ್ದ. ನಾಲ್ಕನೆಯದೋ ಐದನೆಯದೋ ಹಾಡು ಶುರುವಾಯ್ತು. ಇನ್ನೂ ಮಾತು ಬಂದಿಲ್ಲ, ಬರೀ ಕೊಳಲು. ಅಷ್ಟಕ್ಕೇ ಗಂಟಲು ಕಟ್ಟಿತು. ಧೂಳು ಬಿತ್ತು ಅನ್ನೋ ಹಾಗೆ ಮುಖ ಹೊರಗೆ ಹಾಕಿ ಕಣ್ಣು ಒರೆಸಿಕೊಂಡೆ.

ವಿಷಯ ಏನಂದ್ರೆ, ಆ ಹಾಡು ಕಂಡರೆ ನನಗೆ ಆಗುತ್ತಿರಲಿಲ್ಲ. ಅಪ್ಪನದು ಟೇಲರ್ ಅಂಗಡಿ. ಎಂಟಡಿ ಅಗಲ, ಒಂದು ಮಷಿನ್, ಒಂದು ಇಸ್ತ್ರಿ ಮೇಜು. ಶಾಲೆ ಬಿಟ್ಟ ಮೇಲೆ ಅಲ್ಲಿ ಕೂತು ಕಾಜಾ ಹಾಕೋದು, ಗುಂಡಿ ಹಚ್ಚೋದು ನನ್ನ ಕೆಲಸ. ಟೇಪ್ ರೆಕಾರ್ಡರ್ ಒಂದಿತ್ತು, ಮೂರ್ನಾಲ್ಕು ಕ್ಯಾಸೆಟ್. ಎಲ್ಲ ಕ್ಯಾಸೆಟ್ ಅಂಗಡಿಯಲ್ಲಿ ಕೊಟ್ಟು ಹಾಡು ಭರಿಸಿದ್ದು. ಈ ಹಾಡು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತಿತ್ತು. ಎರಡನೇ ಚರಣದ ನಡುವೆ ಸೈಡ್ ಮುಗಿದು ಟಕ್ ಅಂತ ನಿಲ್ಲುತ್ತಿತ್ತು. ಅದರ ಮುಂದೆ ಏನಿದೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಟಂಟಂನಲ್ಲಿ ಹಾಡು ನಿಲ್ಲಲಿಲ್ಲ, ಮುಂದೆ ಹೋಯ್ತು. ಅಲ್ಲಿಗೆ ಬಂದ ಕೂಡಲೇ ನನ್ನ ಅಳುವೂ ನಿಂತು ಹೋಯ್ತು. ಇದು ಯಾರದೋ ಹಾಡು ಅನ್ನಿಸಿತು.

ಅಪ್ಪ ಹೋಗಿ ಆರು ವರ್ಷ. ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ. ನನ್ನ ಪ್ರಶ್ನೆ ಇಷ್ಟೇ: ಮೆಚ್ಚಿದ ಹಾಡಿಗೆ ಅಳು ಬಂದರೆ ಸರಿ, ಬೈದುಕೊಂಡು ಕೇಳಿದ ಹಾಡಿಗೆ ಯಾಕೆ?

ಪುಂಡಿಪಲ್ಯ · 9:20

ಹಾಡು ಯಾವುದು ಅಂತ ಹೇಳದೆ ಇಷ್ಟುದ್ದ ಬರೆದಿದ್ದೀರಲ್ಲ ಮಾರಾಯರೇ.

ಚಿತ್ತಾಪುರದವ · 9:22

ಹೇಳಲ್ಲ. ಹೇಳಿದರೆ ಎಲ್ಲರೂ ಆ ಹಾಡಿನ ಮೇಲೆ ಬೀಳುತ್ತೀರಿ. ಹಿಂದಿ, ತೊಂಬತ್ತರ ದಶಕ. ಅಷ್ಟು ಸಾಕು.

ಪುಂಡಿಪಲ್ಯ · 9:23

ಟಂಟಂ ಅಂದಿರಿ, ತೊಂಬತ್ತು ಅಂದಿರಿ. ಒಂದೋ ಕುಮಾರ್ ಸಾನು, ಇಲ್ಲಾಂದ್ರೆ ಅಲ್ತಾಫ್ ರಾಜಾ. ಮೂರನೆಯವರಿಗೆ ಟಂಟಂನಲ್ಲಿ ಸೀಟೇ ಇಲ್ಲ.

ಬ್ಯಾಂಡಿನವರ ಮನೆ · 9:41

ನನಗೆ ಇದು ಉಲ್ಟಾ ಆಗಿದೆ. ಎಲ್ಲರೂ ಅಳುವ ಹಾಡಿಗೆ ನಮ್ಮ ಮನೆಯಲ್ಲಿ ಯಾರೂ ಅಳುತ್ತಿರಲಿಲ್ಲ.

ಅಪ್ಪ ಕಲಬುರಗಿಯ ಒಂದು ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಮದುವೆ ಮುಗಿದು ಹೆಣ್ಣು ಕಳಿಸುವ ಹೊತ್ತಿಗೆ ನುಡಿಸಬೇಕಾದ ಹಾಡು ಒಂದೇ. 'ನೀಲ್ ಕಮಲ್' ಸಿನಿಮಾದ್ದು, 1968, ರಫಿ ಹಾಡಿದ್ದು. ಯಾವ ಜಾತಿ, ಯಾವ ಧರ್ಮ, ಎಲ್ಲರ ಮದುವೆಗೂ ಅದೇ. ಹೆಣ್ಣಿನ ತಂದೆ ಅಳುತ್ತಾರೆ, ತಾಯಿ ಅಳುತ್ತಾರೆ, ವಿಡಿಯೋ ಹಿಡಿಯುವ ಹುಡುಗನೂ ಮೂಗು ಒರೆಸಿಕೊಳ್ಳುತ್ತಾನೆ. ನಮ್ಮಪ್ಪನಿಗೆ ಮಾತ್ರ ಆ ಹಾಡು ಅಂದ್ರೆ ಬಾಕಿ ಪೇಮೆಂಟ್ ಕೇಳುವ ಹೊತ್ತು. ಕ್ಲಾರಿನೆಟ್ ಬಾಯಲ್ಲಿ ಇದ್ದರೂ ಕಣ್ಣು ಹೆಣ್ಣಿನ ಕಾಕಾ ಎಲ್ಲಿ ಜಾರಿಕೊಳ್ಳುತ್ತಾನೆ ಅನ್ನೋದರ ಮೇಲೆ.

ನನಗೆ ಈಗ ಕರುಳು ಚುರ್ ಅನ್ನೋದು ಆ ಹಾಡಿಗಲ್ಲ. ಬೆಳಿಗ್ಗೆ ಅಂಗಳದಲ್ಲಿ ಕೂತು ಅಪ್ಪ ಕ್ಲಾರಿನೆಟ್ಟಿನ ರೀಡ್ ನಾಲಿಗೆಯಲ್ಲಿ ಒದ್ದೆ ಮಾಡಿ ಎರಡು ಸಲ ಪೀ ಪೀ ಅನ್ನಿಸುತ್ತಿದ್ದರು. ಆ ಪೀ ಪೀ ಎಲ್ಲಾದರೂ ಕೇಳಿದರೆ ಮುಗೀತು.

ಸಜ್ಜಿರೊಟ್ಟಿ · 9:44

"ಹೆಣ್ಣಿನ ಕಾಕಾ ಎಲ್ಲಿ ಜಾರಿಕೊಳ್ಳುತ್ತಾನೆ" 😂 ನಾನೇ ಆ ಕಾಕಾ. ಕ್ಷಮಿಸಿ.

ರೇಡಿಯೋ ಮುತ್ಯಾ · 10:05

ವಯಸ್ಸು ಎಪ್ಪತ್ತೊಂದು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ನನ್ನ ಮಟ್ಟಿಗೆ ಅದು ಹಾಡೇ ಅಲ್ಲ. ಆಕಾಶವಾಣಿ ಬೆಳಗಿನ ಪ್ರಸಾರ ಶುರುವಾಗುವ ಮೊದಲು ಬರುವ ಧುನ್. ಕತ್ತಲು ಇನ್ನೂ ಹರಿದಿರುವುದಿಲ್ಲ. ಅವ್ವ ಒಲೆ ಹೊತ್ತಿಸುತ್ತಿದ್ದಳು. ರೇಡಿಯೋದ ಹಳದಿ ದೀಪ ಕಾಯುವವರೆಗೆ ಗರ್ ಗರ್ ಅನ್ನುತ್ತಿತ್ತು, ಆಮೇಲೆ ತಂಬೂರಿ, ಅದರ ಮೇಲೆ ಪಿಟೀಲು. ಈಗ ಫೋನಿನಲ್ಲಿ ಯಾವಾಗ ಬೇಕಾದರೂ ಕೇಳಬಹುದು. ಮಧ್ಯಾಹ್ನ ಎರಡು ಗಂಟೆಗೆ ಕೇಳಿ ನೋಡಿದೆ. ಏನೂ ಆಗಲಿಲ್ಲ. ಅದು ಕತ್ತಲಲ್ಲೇ ಕೇಳಬೇಕು.

ಅದನ್ನು ಕಟ್ಟಿದವರು ವಾಲ್ಟರ್ ಕೌಫ್ಮನ್ ಅಂತ. ಈಗಿನ ಚೆಕ್ ದೇಶದಲ್ಲಿ ಹುಟ್ಟಿದ ಯಹೂದಿ. ಹಿಟ್ಲರ್ ಕಾಲಕ್ಕೆ ಊರು ಬಿಟ್ಟು 1934ರಲ್ಲಿ ಮುಂಬೈಗೆ ಬಂದು, ಅಲ್ಲಿನ ರೇಡಿಯೋ ಕೇಂದ್ರದಲ್ಲಿ ಕೆಲಸ ಮಾಡಿದರು. 1936ರ ಧುನ್ ಅದು. ರಾಗ ಶಿವರಂಜನಿ. ಸಿನಿಮಾದವರು ಅಳಿಸಬೇಕಾದಾಗೆಲ್ಲ ಹೋಗಿ ಹಿಡಿಯುವ ರಾಗ.

ವಾಡಿ ಜಂಕ್ಷನ್ · 10:09

ಮುತ್ಯಾ, ಇದು ಗೊತ್ತೇ ಇರಲಿಲ್ಲ. ಯಾರೋ ನಮ್ಮವರೇ ಮಾಡಿದ್ದು ಅಂದುಕೊಂಡಿದ್ದೆ.

ಹೊಸಬ ಮೈಸೂರು · 10:15

ಎಲ್ಲ ಸರಿ, ಒಂದು ಮಾತು ಕೇಳಲಾ? ಕಲಬುರಗಿ ಚರ್ಚೆ, ಕನ್ನಡದ ಜನ, ನೆನಪಿಗೆ ಬರೋದು ಮಾತ್ರ ರಫಿ, ಕುಮಾರ್ ಸಾನು. ನಿಮಗೆ ಕನ್ನಡ ಹಾಡಿನ ನೆನಪೇ ಇಲ್ವಾ?

ಪುಂಡಿಪಲ್ಯ · 10:16

ಬಂತು ನೋಡಿ.

ತೊಗರಿ ಕಣಜ · 10:34

ಹೊಸಬರೇ, ಸಿಟ್ಟಿನಿಂದ ಬರೆಯುತ್ತಿಲ್ಲ, ಲೆಕ್ಕ ಹೇಳುತ್ತಿದ್ದೇನೆ. ನಮ್ಮ ಮೂರೂ ಜಿಲ್ಲೆ, ಬೀದರ್, ಕಲಬುರಗಿ, ರಾಯಚೂರು, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮನ ಕಾಲದಲ್ಲಿ ಶಾಲೆ ಉರ್ದು, ಕಚೇರಿ ಉರ್ದು, ಜಮೀನಿನ ಪಹಣಿ ಉರ್ದು. ನಮ್ಮ ಮುತ್ಯಾ ಬಸವಣ್ಣನ ವಚನ ಬಾಯಿಪಾಠ ಹೇಳುತ್ತಿದ್ದರು, ರೊಕ್ಕ ಎಣಿಸುವಾಗ ಮಾತ್ರ ಏಕ್, ದೋ, ತೀನ್. ಸಾಯುವವರೆಗೂ ಲೆಕ್ಕ ಉರ್ದುನಲ್ಲೇ.

ಹಾಡೂ ಹಾಗೇ. ಮನೆಯಲ್ಲಿ ಕನ್ನಡ ಪದ, ಪೇಟೆಯಲ್ಲಿ ಹಿಂದಿ ಹಾಡು. ಅದು ಕನ್ನಡದ ಮೇಲಿನ ಪ್ರೀತಿ ಕಮ್ಮಿ ಅಂತಲ್ಲ. ಎರಡು ಕಿವಿ, ಎರಡು ಭಾಷೆ.

ರೇಡಿಯೋ ಮುತ್ಯಾ · 10:41

ಇನ್ನೊಂದು ಕಾರಣ ಸೇರಿಸಿ. 1952ರಲ್ಲಿ ಕೇಸ್ಕರ್ ಅಂತ ಕೇಂದ್ರದ ಮಂತ್ರಿ, ಸಿನಿಮಾ ಹಾಡು ಕೇಳಿ ಜನ ಕೆಡುತ್ತಾರೆ ಅಂತ ಆಕಾಶವಾಣಿಯಲ್ಲಿ ಅದಕ್ಕೆ ಕಡಿವಾಣ ಹಾಕಿದರು. ಜನ ಕೆಡುವುದನ್ನು ಬಿಡಲಿಲ್ಲ, ರೇಡಿಯೋ ಸಿಲೋನಿಗೆ ತಿರುಗಿಸಿದರು. ಅದೇ ವರ್ಷ ಅಲ್ಲಿ ಬಿನಾಕಾ ಗೀತ್‌ಮಾಲಾ ಶುರು. ಅಮೀನ್ ಸಯಾನಿ ನಡೆಸುತ್ತಿದ್ದ ಆ ಸಿನಿಮಾ ಹಾಡಿನ ಕಾರ್ಯಕ್ರಮದ ದಿನ ನಮ್ಮ ಓಣಿಯಲ್ಲಿ ರೇಡಿಯೋ ಇದ್ದ ಒಂದೇ ಮನೆಯ ಕಟ್ಟೆ ಮೇಲೆ ಮೂವತ್ತು ಜನ. ಆಮೇಲೆ 1957ರ ಅಕ್ಟೋಬರಿನಲ್ಲಿ ಸರ್ಕಾರವೇ ವಿವಿಧ ಭಾರತಿ ಶುರು ಮಾಡಿತು. ಸೋಲು ಒಪ್ಪಿಕೊಂಡ ಹಾಗೆ.

ಹೊಸಬ ಮೈಸೂರು · 10:50

ಸರಿ ಸರ್, ತಿಳೀತು. ನಮ್ಮ ಕಡೆ ಇದು ಇರಲಿಲ್ಲ. ನಮ್ಮಪ್ಪನ ಹಳೇ ನೆನಪು ಅಂದ್ರೆ ರಾಜಕುಮಾರ್ ಅರವತ್ತರ ದಶಕದಲ್ಲಿ ಹಾಡಿದ ಹಾಡುಗಳು.

ವಾಡಿ ಜಂಕ್ಷನ್ · 10:52

ಅರವತ್ತರ ದಶಕದಲ್ಲಿ ಅಣ್ಣಾವ್ರು ತುಟಿ ಆಡಿಸಿದರು, ಹಾಡಿದ್ದು ಪಿ.ಬಿ. ಶ್ರೀನಿವಾಸ್. ಅಣ್ಣಾವ್ರು ಹಾಡೋಕೆ ಶುರು ಮಾಡಿದ್ದು 1974, ಸಂಪತ್ತಿಗೆ ಸವಾಲ್.

ಸಜ್ಜಿರೊಟ್ಟಿ · 10:58

ಶುರು ಮಾಡಿದ್ದು ಅಲ್ಲ. 1956ರ ಓಹಿಲೇಶ್ವರದಲ್ಲೇ ಒಂದು ಹಾಡಿದ್ದಾರೆ. ಕಾಯಂ ಆಗಿ ಹಾಡಿದ್ದು 1974ರ ನಂತರ.

ವಾಡಿ ಜಂಕ್ಷನ್ · 10:59

ಒಪ್ಪಿದೆ. ಆದರೂ ಪಿಬಿಎಸ್ ದನಿಯಲ್ಲಿ ಒಂದು ಊರು ಬಿಟ್ಟು ಹೋಗುವವನ ದನಿ ಇದೆ, ಅಲ್ವಾ? ಹುಟ್ಟಿದ್ದು ಕಾಕಿನಾಡದಲ್ಲಿ, ಕನ್ನಡ ಅಷ್ಟು ಮೆತ್ತಗೆ.

ಭಾಲ್ಕಿ ಅಕ್ಕ · ಭಾನುವಾರ ಬೆಳಿಗ್ಗೆ 6:30

ರಾತ್ರಿ ಎಲ್ಲ ಗಂಡಸರೇ ಮಾತಾಡಿದ್ದೀರಿ. ಎಲ್ಲ ರೇಡಿಯೋ, ಟೇಪು, ಬ್ಯಾಂಡು. ರೊಕ್ಕ ಕೊಟ್ಟು ತಂದ ಹಾಡು. ಮನೆಯೊಳಗಿನ ಹಾಡು ಯಾರೂ ಹೇಳಲಿಲ್ಲ.

ನಮ್ಮ ಆಯಿ ಬೀಸುವ ಪದ ಹಾಡುತ್ತಿದ್ದಳು. ಕೋಳಿ ಕೂಗುವ ಮೊದಲೇ ಎದ್ದು, ದೊಡ್ಡವ್ವನ ಎದುರು ಕೂತು, ಇಬ್ಬರೂ ಒಂದೇ ಗೂಟ ಹಿಡಿದು. ಒಂದು ಕಾಲು ಚಾಚಿ, ಒಂದು ಮಡಚಿ. ಮೂರು ಸಾಲಿನ ಪದ. ಒಂದು ಪದ ಮುಗಿದ ಕೂಡಲೇ ಎಡಗೈಯಲ್ಲಿ ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ. ಮತ್ತೆ ಪದ. ನಾವು ಮಕ್ಕಳು ಚಾದರದೊಳಗೆ ಅರ್ಧ ನಿದ್ದೆಯಲ್ಲಿ ಕೇಳುವುದು. ಅಣ್ಣ ಕರೆಯೋಕೆ ಬರಲಿಲ್ಲ, ತವರಿನ ದಾರಿ ಕಾಣಲಿಲ್ಲ, ಇಂಥವೇ ಜಾಸ್ತಿ. ಬೀಸುವವಳ ಹಂಬಲವೆಲ್ಲ ತವರು.

ಎರಡು ವರ್ಷದ ಹಿಂದೆ ಆಯಿ ಹಾಸಿಗೆ ಹಿಡಿದಳು. ರೆಕಾರ್ಡ್ ಮಾಡೋಣ ಅಂತ ಫೋನ್ ಹಿಡಿದು "ಆಯಿ, ಬೀಸೋ ಪದ ಹೇಳು" ಅಂದೆ. ಮೊದಲ ಸಾಲು ಬಂತು, ಎರಡನೆಯದು ಬರಲಿಲ್ಲ. ಮತ್ತೆ ಶುರು ಮಾಡಿದಳು, ಮತ್ತೆ ನಿಂತಳು. "ಕಲ್ಲಿಲ್ಲದ ಹೆಂಗ ಬರ್ತದ ಯವ್ವಾ" ಅಂದಳು. ಸುಮ್ನೆ ಇರಲಿ ಅಂತ ಅವಳ ಬಲಗೈ ಹಿಡಿದು ಚಾದರದ ಮೇಲೆ ಗುಂಡಗೆ ತಿರುಗಿಸಿದೆ. ಮೂರು ಸುತ್ತು ನಾನು ತಿರುಗಿಸಿದೆ, ನಾಲ್ಕನೆಯದು ಅವಳೇ ತಿರುಗಿಸಿದಳು. ಪದ ಬಂತು. ಇಪ್ಪತ್ತೆರಡು ಪದ ಹೇಳಿದಳು. ನಡುನಡುವೆ ಎಡಗೈ ಚಾದರ ಗೋರಿ ಇಲ್ಲದ ಜೋಳ ಹಾಕುತ್ತಿತ್ತು.

ಆ ರೆಕಾರ್ಡಿಂಗ್‌ನಲ್ಲಿ ಜಾಸ್ತಿ ಕೇಳುವುದು ಬಟ್ಟೆ ಸರಿಯುವ ಸಪ್ಪಳ. ನನಗೆ ಅದೇ ಬೇಕು.

ತೊಗರಿ ಕಣಜ · 6:48

ಅಕ್ಕಾ. ಬೆಳಿಗ್ಗೆ ಬೆಳಿಗ್ಗೆ ಹೀಗೆ ಬರೆಯಬಾರದು.

ಹೊಸಬ ಮೈಸೂರು · 7:10

ಇದನ್ನೇ ಸೋಬಾನೆ ಅಂತಾರಲ್ವಾ?

ಭಾಲ್ಕಿ ಅಕ್ಕ · 7:14

ಇಲ್ಲ ತಮ್ಮಾ. ಸೋಬಾನೆ ಮದುವೆ, ಶುಭಕಾರ್ಯಕ್ಕೆ. ಇದು ಕೆಲಸದ ಪದ. ವಿಜಯಪುರ ಕಡೆ ಹಲಸಂಗಿ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಎಲ್ಲ ಸೇರಿ ಹೆಣ್ಣುಮಕ್ಕಳ ಇಂಥ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದ್ದರು. ಪುಸ್ತಕದಲ್ಲಿ ಪದ ಇದೆ, ಕಲ್ಲಿನ ಸಪ್ಪಳ ಇಲ್ಲ.

ನಮ್ಮ ಊರು ಮಹಾರಾಷ್ಟ್ರದ ಗಡಿ. ನಮ್ಮ ಅತ್ತೆಯ ತವರಿನಲ್ಲಿ ಇದೇ ಕಲ್ಲಿಗೆ ಮರಾಠಿ ಓವಿ. ಸೊಲ್ಲು ಬೇರೆ, ಸುತ್ತು ಒಂದೇ.

ಕೋಟೆ ಹಿಂದಿನ ಓಣಿ · 8:02

ಅಕ್ಕಾ, ಇದೇ ಕಲ್ಲಿಗೆ ಮೂರನೆಯದೂ ಇದೆ. ಚಕ್ಕಿನಾಮಾ.

ನಮ್ಮ ಮನೆ ಕಲಬುರಗಿಯ ಹಳೇ ಭಾಗ, ಮಾತು ದಖ್ಖನಿ. ನಾನಿ ಬೀಸುವಾಗ ಹೇಳುತ್ತಿದ್ದರು. ಚಕ್ಕಿ ಅಂದ್ರೆ ಬೀಸುಕಲ್ಲು. ಕೈಯಲ್ಲಿ ಹಿಡಿಯುವ ಗೂಟ ಅಲ್ಲಾಹನ ಹೆಸರು, ಕಾಳು ಈ ಜೀವ, ಹಾಗೆ ಅರ್ಥ ಬರುತ್ತದೆ. ದಖ್ಖನಿನ ಸೂಫಿಗಳು ಬೀಸುವ ಹೆಂಗಸರಿಗೆ ಅಂತಲೇ ಕಟ್ಟಿದವು. ನೂಲುವವರಿಗೆ ಚರಖಾನಾಮಾ, ತೊಟ್ಟಿಲಿಗೆ ಲೋರಿನಾಮಾ. ಕೆಲವನ್ನು ಖ್ವಾಜಾ ಬಂದೇನವಾಜರದ್ದೇ ಅಂತ ಹೇಳುತ್ತಾರೆ. ಅವರು ತೀರಿಹೋದದ್ದು 1422ರಲ್ಲಿ. ಆರು ನೂರು ವರ್ಷ ಆಯ್ತು.

ನಾನಿಗೆ ಓದು ಬರಹ ಇರಲಿಲ್ಲ. ಪಕ್ಕದ ಮನೆಯ ಕನ್ನಡದ ಅಜ್ಜಿ ಜೊತೆ ಒಂದೇ ಕಲ್ಲಿಗೆ ಕೂರುತ್ತಿದ್ದರು. ಅವರದೊಂದು ಪದ, ಇವರದೊಂದು. ಯಾರಿಗೂ ಅಡ್ಡಿ ಅನ್ನಿಸಿರಲಿಲ್ಲ, ಹಿಟ್ಟು ಬಿದ್ದರೆ ಸಾಕಿತ್ತು.

ಖಾರಬ್ಯಾಳಿ · 8:20

ಎಲ್ಲರೂ ಕಣ್ಣೀರು ಹಾಕಿ ಆಯ್ತಾ? ಈಗ ನಾನು ಒಂದು ಕಹಿ ಮಾತು ಹೇಳುತ್ತೇನೆ.

ಬೀಸುವ ಪದ ನಿಮಗೆ ನೆನಪು. ನಮ್ಮವ್ವನಿಗೆ ಅದು ಬೆನ್ನು ನೋವು. ಒಂಬತ್ತು ಜನರ ರೊಟ್ಟಿಗೆ ದಿನಾ ನಸುಕಿನಲ್ಲಿ ಬೀಸಬೇಕು. ಊರಿಗೆ ಗಿರಣಿ ಬಂದ ದಿನ ಅವ್ವ ಕಲ್ಲಿಗೆ ಕುಂಕುಮ ಹಚ್ಚಿ, ಹಿತ್ತಲಿಗೆ ಉರುಳಿಸಿ, ತಿರುಗಿ ನೋಡಲಿಲ್ಲ. ಹಾಡು ಹೋಯ್ತು ಅಂತ ಅವಳು ಒಂದು ದಿನವೂ ಬೇಜಾರು ಮಾಡಿಕೊಂಡಿದ್ದು ಕಾಣೆ. ಚಾದರದೊಳಗೆ ಮಲಗಿ ಕೇಳಿದವರಿಗೆ ಹಾಡು ಸಿಹಿ, ಬೀಸಿದವರನ್ನು ಕೇಳಿ.

ಸಜ್ಜಿರೊಟ್ಟಿ · 8:24

ಇದೂ ಖರೇ.

ಭಾಲ್ಕಿ ಅಕ್ಕ · 8:37

ಖರೇನೇ. ನಮ್ಮ ಆಯಿಯೂ ಗಿರಣಿಗೆ ಮೊದಲು ಡಬ್ಬಿ ಕಳಿಸಿದವಳು. ಕಲ್ಲು ವಾಪಸ್ ಬರಲಿ ಅಂತ ನಾನು ಎಲ್ಲಿ ಹೇಳಿದೆ? ನೋವಿಗೇ ಆ ಪದ ಹುಟ್ಟಿದ್ದು. ಅವಳಿಗೂ ಹಾಸಿಗೆಯಲ್ಲಿ ನೆನಪಾಗಿದ್ದು ಬೆನ್ನು ನೋವಲ್ಲ, ಎದುರಿಗೆ ಕೂತಿದ್ದ ದೊಡ್ಡವ್ವ. "ಆಕಿ ಗೂಟ ಜೋರು ಎಳೀತಿದ್ದಳು" ಅಂತ ಬೈದು ನಕ್ಕಳು.

ಖಾರಬ್ಯಾಳಿ · 8:40

ಹಾಗಂದ್ರೆ ಒಪ್ಪಿದೆ. ಅರ್ಧ.

ಊರ ಮೇಷ್ಟ್ರು · 9:55

ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಒಂದಿಷ್ಟು ಓದಿದ್ದು ಹೇಳುತ್ತೇನೆ.

ಮನುಷ್ಯನಿಗೆ ಹತ್ತರಿಂದ ಮೂವತ್ತು ವರ್ಷದೊಳಗೆ ನಡೆದದ್ದು ಉಳಿದ ಕಾಲಕ್ಕಿಂತ ಗಟ್ಟಿಯಾಗಿ ನೆನಪಿರುತ್ತದೆ ಅಂತ ಮನಸ್ಸಿನ ಬಗ್ಗೆ ಕೆಲಸ ಮಾಡುವವರು ಬಹಳ ಸಲ ಕಂಡಿದ್ದಾರೆ. ಆಗ ಕೇಳಿದ ಹಾಡೂ ಹಾಗೇ. ಹಾಡು ಚೆನ್ನಾಗಿದೆಯಾ ಅನ್ನೋದು ಆಮೇಲಿನ ಮಾತು. ದಿನಾ ಹತ್ತು ಸಲ ಕಿವಿಗೆ ಬಿದ್ದರೆ ಹಾಡಿನ ಜೊತೆಗೆ ಅಂಗಡಿ, ಎಣ್ಣೆ ವಾಸನೆ, ಅಪ್ಪನ ಕೆಮ್ಮು ಎಲ್ಲ ಅಂಟಿಕೊಳ್ಳುತ್ತವೆ. ನಿಮಗೆ ಹಾಡು ಬೇಡವಾಗಿತ್ತು, ಅಂಗಡಿ ಬೇಡವಾಗಿರಲಿಲ್ಲ.

ಇನ್ನೊಂದು ತಮಾಷೆ. ಇಂಗ್ಲಿಷಿನವರು ನಾಸ್ಟಾಲ್ಜಿಯಾ ಅಂತಾರಲ್ಲ, ಆ ಪದ ಹುಟ್ಟಿದ್ದೇ ಕಾಯಿಲೆಯ ಹೆಸರಾಗಿ. 1688ರಲ್ಲಿ ಯೋಹಾನೆಸ್ ಹೋಫರ್ ಅನ್ನುವ ಸ್ವಿಟ್ಜರ್ಲೆಂಡಿನ ವೈದ್ಯ ಇಟ್ಟದ್ದು. ಪರದೇಶದಲ್ಲಿ ಕೂಲಿಗೆ ಕಾದಾಡುವ ಸ್ವಿಸ್ ಸೈನಿಕರು ಊರಿನ ದನ ಕಾಯುವವರ ಹಾಡು ಕೇಳಿದರೆ ಅಳುತ್ತಿದ್ದರಂತೆ, ಸೈನ್ಯ ಬಿಟ್ಟು ಓಡುತ್ತಿದ್ದರಂತೆ. ಅದಕ್ಕೇ ಆ ಹಾಡು ಹಾಡುವುದನ್ನೇ ನಿಷೇಧಿಸಿದ್ದರು ಅಂತ ರೂಸೋ 1768ರ ತನ್ನ ಸಂಗೀತ ನಿಘಂಟಿನಲ್ಲಿ ಬರೆದಿದ್ದಾನೆ.

ಪುಂಡಿಪಲ್ಯ · 10:01

ಹಾಗಾದರೆ ಪುಣೆ ಕಂಪನಿಯವರು ಟಂಟಂ ಹಾಡು ನಿಷೇಧ ಮಾಡಬೇಕು. ಚಿತ್ತಾಪುರದವರು ಕೆಲಸ ಬಿಟ್ಟು ಓಡಿ ಬಂದಾರು.

ತೊಗರಿ ಕಣಜ · 10:12

ಮೇಷ್ಟ್ರೇ, ಅಷ್ಟು ದೂರ ಯಾಕೆ? ನಮ್ಮಲ್ಲಿ ಹಳಹಳಿ ಅಂತ ಇದೆಯಲ್ಲ.

ಊರ ಮೇಷ್ಟ್ರು · 10:15

ಹಳಹಳಿ ಅಂದ್ರೆ ಪಶ್ಚಾತ್ತಾಪ. ಹೊಲ ಮಾರಿ ಹಳಹಳಿಸಿದ ಅಂತೀವಿ.

ತೊಗರಿ ಕಣಜ · 10:19

ಹೊಲ ಮಾರಿದವನಿಗೆ ಬರೀ ಪಶ್ಚಾತ್ತಾಪ ಅಂದುಕೊಂಡಿರಾ? ಬದುವಿನ ಬೇವಿನ ಗಿಡವೂ ನೆನಪಾಗುತ್ತೆ ಸರ್. ಎರಡೂ ಕೂಡಿದ್ದೇ ಹಳಹಳಿ.

ಊರ ಮೇಷ್ಟ್ರು · 10:21

😊 ಈ ಮಾತಿಗೆ ಸೋತೆ.

ಯಾದಗಿರಿ ಬಿಸಿಲು · 11:30

ನಾನು ಇಲ್ಲಿ ಎಲ್ಲರಿಗಿಂತ ಸಣ್ಣವನು ಅನ್ನಿಸುತ್ತೆ. ಕ್ಯಾಸೆಟ್ ಕೈಯಲ್ಲಿ ಹಿಡಿದಿಲ್ಲ. ನಮ್ಮದು ಮೆಮೊರಿ ಕಾರ್ಡ್.

ಅವ್ವ ಅಪ್ಪ ಗುಳೆ ಹೋಗುತ್ತಿದ್ದರು, ಮುಂಬೈ ಕಡೆ ಕಟ್ಟಡ ಕೆಲಸ. ಹೊರಡುವ ಮುಂಚೆ ಅಪ್ಪ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಕಾರ್ಡ್ ಭರಿಸುತ್ತಿದ್ದರು. ಡೊಳ್ಳಿನ ಪದ, ಮೊಹರಂ ಪದ, ನಡುವೆ ನಾಲ್ಕು ಸಿನಿಮಾ ಹಾಡು. ರಾತ್ರಿ ತಗಡಿನ ಶೆಡ್ಡಿನಲ್ಲಿ ಹತ್ತು ಮನೆಯವರ ಹತ್ತು ಫೋನು, ಎಲ್ಲದರಲ್ಲೂ ನಮ್ಮ ಕಡೆಯ ಪದ. ಹಾಡು ಶುರುವಾಗುವ ಮುಂಚೆ ಯಾವುದೋ ವೆಬ್‌ಸೈಟಿನ ಹೆಸರು ಹೇಳುವ ಹೆಂಗಸಿನ ದನಿ ಇರುತ್ತಿತ್ತು, ಗೊತ್ತಲ್ವಾ? ಕದ್ದ ಹಾಡಿಗೆಲ್ಲ ಇರುತ್ತಿತ್ತು. ಈಗ ದುಡ್ಡು ಕಟ್ಟಿ ಆ್ಯಪ್‌ನಲ್ಲಿ ಕೇಳಿದರೆ ಆ ದನಿ ಇಲ್ಲ. ಏನೋ ಉಪ್ಪು ಕಮ್ಮಿ.

ಚಿತ್ತಾಪುರದವ · 11:36

ತಮ್ಮಾ, ನನ್ನ "ಟಕ್" ಇದ್ದ ಹಾಗೆ ನಿನಗೆ ಆ ದನಿ.

ಯಾದಗಿರಿ ಬಿಸಿಲು · 11:39

ಹೌದಣ್ಣಾ. ಮೊಹರಂ ಪದ ಅಂದ್ರೆ ಇನ್ನೊಂದು. ಆ ಪದ ಕೇಳಿದರೆ ನನಗೆ ಮೊದಲು ಮಳೆಯ ಜಿನುಗು ನೆನಪಾಗುತ್ತೆ. ಅಲಾಯಿ ಕುಣಿಯ ಬೆಂಕಿ, ಮೇಲೆ ಜಿಟಿ ಜಿಟಿ.

ರೇಡಿಯೋ ಮುತ್ಯಾ · 11:45

ಮಳೆ ಎಲ್ಲಿಯದು? ಮೊಹರಂ ಅಂದ್ರೆ ಚಳಿ. ಕಂಬಳಿ ಹೊದ್ದು ಅಲಾಯಿ ಕುಣಿಯ ಸುತ್ತ ಕೂರುವುದು.

ಬ್ಯಾಂಡಿನವರ ಮನೆ · 11:50

ಇಬ್ಬರೂ ತಪ್ಪು. ಕಡು ಬೇಸಿಗೆ. ಪರೀಕ್ಷೆ ಮುಗಿದ ರಜೆಯಲ್ಲಿ ಬರುತ್ತಿತ್ತು. ಕುಣಿಯ ಹತ್ತಿರ ಹೋಗೋಕೂ ಆಗುತ್ತಿರಲಿಲ್ಲ, ಅಷ್ಟು ಸೆಕೆ.

ಕೋಟೆ ಹಿಂದಿನ ಓಣಿ · 12:08

ಜಗಳ ಬೇಡ, ಮೂವರೂ ಸರಿ. ಅದು ಚಂದ್ರನ ಲೆಕ್ಕದ ವರ್ಷ, 354 ದಿನ. ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಸುಮಾರು 33 ವರ್ಷಕ್ಕೆ ಒಂದು ಸುತ್ತು. 1978ರಲ್ಲಿ ಡಿಸೆಂಬರ್, 1998ರಲ್ಲಿ ಮೇ, 2025ರಲ್ಲಿ ಜುಲೈ. 2009ರಲ್ಲಿ ಒಂದೇ ಇಸವಿಯಲ್ಲಿ ಎರಡು ಸಲ ಬಂದಿತ್ತು, ಜನವರಿಯಲ್ಲಿ ಒಂದು, ಡಿಸೆಂಬರ್ ಕೊನೆಗೆ ಇನ್ನೊಂದು. ನಿಮ್ಮ ನಿಮ್ಮ ವಯಸ್ಸು ಗೊತ್ತಾಯ್ತು ಈಗ.

ಪುಂಡಿಪಲ್ಯ · 12:10

ಬ್ಯಾಂಡಿನವರು ನಲವತ್ತು ದಾಟಿಲ್ಲ ಅಂತ ಮೊನ್ನೆ ಹೇಳಿದ್ದು ಸುಳ್ಳಲ್ಲ ಹಾಗಾದರೆ.

ರೇಡಿಯೋ ಮುತ್ಯಾ · 12:22

ನಮ್ಮೂರಲ್ಲಿ ಆ ಪದ ಕನ್ನಡದ್ದೇ. ರಿವಾಯತ ಅಂತೀವಿ. ಕರ್ಬಲಾದ ಕಥೆ, ಹಾಡುವವರು ಅರ್ಧ ಜನ ಲಿಂಗಾಯತರು, ಕುರುಬರು. ಹೊಸಬರೇ, ಇದನ್ನೂ ಕನ್ನಡ ಹಾಡಿನ ಲೆಕ್ಕಕ್ಕೆ ಬರೆದುಕೊಳ್ಳಿ.

ವಾಡಿ ಜಂಕ್ಷನ್ · 12:40

ಚಿತ್ತಾಪುರದವರೇ, ಒಂದು ಕೆಲಸದ ಮಾತು. ಆ ಟೇಪ್ ರೆಕಾರ್ಡರ್ ಇನ್ನೂ ಇದೆಯಾ? ಇದ್ದರೆ ಕೂಡಲೇ ಕ್ಯಾಸೆಟ್ ಹಾಕಿ ಒತ್ತಬೇಡಿ. ಒಳಗಿನ ರಬ್ಬರ್ ಬೆಲ್ಟ್ ಇಷ್ಟು ವರ್ಷಕ್ಕೆ ಕರಗಿ ಡಾಂಬರಿನ ಹಾಗೆ ಆಗಿರುತ್ತದೆ. ಅದನ್ನು ಬದಲಿಸಿ. ಸಡಿಲ ಬೆಲ್ಟ್ ಇದ್ದರೆ ಲತಾ ಕೂಡ ಗಂಡಸಿನ ಹಾಗೆ ಕೇಳುತ್ತಾರೆ. ಹೆಡ್ಡನ್ನು ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿ. ಟೇಪಿನ ಮೇಲೆ ಬಿಳಿ ಪುಡಿ ಕಂಡರೆ ಅದು ಬೂಷ್ಟು, ಹಾಕಲೇಬೇಡಿ, ಹೆಡ್ಡಿಗೂ ಹತ್ತುತ್ತದೆ. ಮೊದಲು ಪೆನ್ಸಿಲ್ ಸಿಕ್ಕಿಸಿ ಮೆಲ್ಲಗೆ ಒಂದು ಸಲ ಪೂರ್ತಿ ಸುತ್ತಿ. ಅರವತ್ತು ನಿಮಿಷದ್ದಾದರೆ ಟೇಪು ದಪ್ಪ, ತಡೆಯುತ್ತದೆ. ತೊಂಬತ್ತರದ್ದು ತೆಳು, ಸಿಕ್ಕಿಕೊಂಡರೆ ಮುಗೀತು.

ಚಿತ್ತಾಪುರದವ · 12:51

ಮಷಿನ್, ಟೇಪು ಎಲ್ಲ ಕಲಬುರಗಿಯಲ್ಲಿ ಅಕ್ಕನ ಮನೆಯ ಟ್ರಂಕಿನಲ್ಲಿದೆ. ಬುಧವಾರ ವಾಪಸ್ ಹೋಗಬೇಕು. ನಾಳೆ ಹೋಗಿ ನೋಡುತ್ತೇನೆ.

ಸಜ್ಜಿರೊಟ್ಟಿ · ಸೋಮವಾರ ರಾತ್ರಿ 8:15

ಏನಾಯ್ತು ಅಣ್ಣಾ? ಸುದ್ದಿ ಇಲ್ಲ.

ಚಿತ್ತಾಪುರದವ · ಮಂಗಳವಾರ ರಾತ್ರಿ 10:30

ಏನು ಹೇಳಲಿ. ಮಾನ ಹೋಯ್ತು.

ಸೂಪರ್ ಮಾರ್ಕೆಟ್ ಹತ್ತಿರ ಒಬ್ಬರು ಹಳೇ ರೇಡಿಯೋ ಮಾಡುವವರು ಸಿಕ್ಕರು. ಬೆಲ್ಟ್ ಹಾಕಿ, ಹೆಡ್ ಒರೆಸಿ ಕೊಟ್ಟರು. ಬೆಲ್ಟು ವಾಡಿಯವರು ಹೇಳಿದ ಹಾಗೇ ಡಾಂಬರ್. ಟ್ರಂಕಿನಲ್ಲಿ ನಾಲ್ಕು ಕ್ಯಾಸೆಟ್ ಇದ್ದವು. ಒಂದಕ್ಕೆ ಬೂಷ್ಟು, ಬಿಟ್ಟೆ. ಉಳಿದ ಮೂರು ಹಾಕಿದೆ. ಮೂರೂ ಭಜನೆ. ಎಂಟು ಸೈಡಿನಲ್ಲಿ ಆರು ಕೇಳಿದೆ, ಒಂದರಲ್ಲೂ ಆ ಹಾಡಿಲ್ಲ.

ಅಕ್ಕನಿಗೆ ಹೇಳಿದೆ, ಹೀಗೀಗೆ, ಅಪ್ಪನ ಆ ಹಾಡು ಸಿಗಲಿಲ್ಲ ಅಂತ. ಅವಳು ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. "ಹುಚ್ಚಪ್ಪಾ, ಅದು ಅಪ್ಪನ ಹಾಡಲ್ಲೋ. ಎದುರಿನ ಕಟಿಂಗ್ ಅಂಗಡಿಯವಂದು. ಅಪ್ಪಗ ಆ ಹಾಡು ಕಂಡ್ರ ಮೈ ಉರೀತಿತ್ತು" ಅಂದಳು.

ಪೂರ್ತಿ ಕಥೆ ಹೀಗೆ. ಕಟಿಂಗ್ ಅಂಗಡಿಯವನು ಜೋರಾಗಿ ಹಚ್ಚುತ್ತಿದ್ದ. ಮೊದಲ ಚರಣದವರೆಗೆ ಅಪ್ಪ ಸಹಿಸುತ್ತಿದ್ದರು. ಎರಡನೆಯದು ಅರ್ಧಕ್ಕೆ ಬರುವ ಹೊತ್ತಿಗೆ ತಾಳ್ಮೆ ಮುಗಿದು, ಮಷಿನ್ನಿಗೆ ದಾರ ತೆಗೆದು, ಬಟ್ಟೆ ಇಲ್ಲದೆ ಖಾಲಿ ಮಷಿನ್ ಜೋರಾಗಿ ತುಳಿಯುತ್ತಿದ್ದರು. ಹಾಡು ಮುಚ್ಚಿಹೋಗಲಿ ಅಂತ. ಅದಕ್ಕೇ ನನಗೆ ಮುಂದಿನದು ಗೊತ್ತಿಲ್ಲ. ಮತ್ತೆ ಆ "ಟಕ್"? ಅದು ಭಜನೆ ಕ್ಯಾಸೆಟ್ಟಿನದು. ಒಂದು ಪದದ ನಡುವೆ ಸೈಡ್ ಮುಗಿಯುತ್ತದೆ. ನಿನ್ನೆ ಕೇಳಿದೆ. ಅದೇ ಟಕ್.

ಖಾರಬ್ಯಾಳಿ · 10:34

ಎಂಟು ಸೈಡ್ ಹೇಗೆ? ನಾಲ್ಕರಲ್ಲಿ ಒಂದು ಬಿಟ್ಟರೆ ಮೂರು, ಮೂರೆರಡ್ಲಿ ಆರು.

ಚಿತ್ತಾಪುರದವ · 10:35

ಅದನ್ನೇ ಹೇಳಿದ್ದು. ನಾಲ್ಕು ಕ್ಯಾಸೆಟ್ಟಿಗೆ ಎಂಟು, ಕೇಳಿದ್ದು ಆರು. ನೀವು ನಿಜಕ್ಕೂ ಖಾರಬ್ಯಾಳಿ.

ಪುಂಡಿಪಲ್ಯ · 10:36

ಅಂದ್ರೆ ನೀವು ಟಂಟಂನಲ್ಲಿ ಅತ್ತಿದ್ದು ನಿಮ್ಮಪ್ಪ ದ್ವೇಷಿಸುತ್ತಿದ್ದ ಹಾಡಿಗೆ 😂😂

ಚಿತ್ತಾಪುರದವ · 10:38

ಹೌದು. ಬೈದುಕೊಂಡದ್ದೂ ನಾನಲ್ಲ, ಅವರೇ. ನಾನು ಸುಮ್ನೆ ಅವರ ಸಿಟ್ಟು ನನ್ನದು ಅಂದುಕೊಂಡಿದ್ದೆ. ಮತ್ತೆ, ಹಾಡು ಕುಮಾರ್ ಸಾನುದು. ನೀವು ಗೆದ್ದಿರಿ.

ರೇಡಿಯೋ ಮುತ್ಯಾ · 10:45

ತಮ್ಮಾ, ಅದಿರಲಿ. ಭಜನೆ ಅಂದೆಯಲ್ಲ, ಯಾವ ಪದ?

ಚಿತ್ತಾಪುರದವ · 10:49

ತತ್ವಪದ ಮುತ್ಯಾ. ಏಕತಾರಿ, ದಮ್ಮಡಿ, ತಾಳ, ಹಿಂದೆ ನಾಯಿ ಬೊಗಳುವುದೂ ಇದೆ. ಯಾವುದೋ ಊರಿನ ಅಮಾವಾಸ್ಯೆ ಭಜನೆ, ಅಲ್ಲೇ ಕೂತು ಭರಿಸಿದ ಹಾಗಿದೆ. ಅಂಗಡಿಯಲ್ಲಿ ಭರಿಸಿದ್ದು ಅಂತ ನಾನು ಹೇಳಿದ್ದೂ ತಪ್ಪು.

ರೇಡಿಯೋ ಮುತ್ಯಾ · 10:53

ಬಿಸಾಕಬೇಡ! ಒಂದೊಂದು ಪದದ ಕೊನೆಯ ನುಡಿ ಲಕ್ಷ್ಯ ಕೊಟ್ಟು ಕೇಳು, ಅಂಕಿತ, ಅಂದ್ರೆ ಪದ ಕಟ್ಟಿದವರ ಗುರುತು ಸಿಗುತ್ತದೆ. ಕಡಕೋಳ ಮಡಿವಾಳಪ್ಪನವರದೋ, ಶಿಷ್ಯರಾದ ಚನ್ನೂರ ಜಲಾಲಸಾಬರದೋ, ಖೈನೂರ ಕೃಷ್ಣಪ್ಪನವರದೋ ಗೊತ್ತಾಗುತ್ತದೆ. ಊರೂರಿಗೆ ಧಾಟಿ ಬೇರೆ. ಆ ಧಾಟಿ ಹಾಡುವವರು ಈಗ ಇರಲಿಕ್ಕಿಲ್ಲ.

ವಾಡಿ ಜಂಕ್ಷನ್ · 10:55

ಬೂಷ್ಟು ಹಿಡಿದದ್ದನ್ನೂ ಇಟ್ಟುಕೊಳ್ಳಿ, ಒರೆಸಿ ನೋಡೋಣ. ಬೇರೆ ಒಂದು ಹಾಳು ಟೇಪ್ ರೆಕಾರ್ಡರ್ ನನ್ನ ಹತ್ತಿರ ಇದೆ, ಅದರಲ್ಲಿ ಹಾಕೋಣ.

ಭಾಲ್ಕಿ ಅಕ್ಕ · 11:02

ಅಪ್ಪನ ದನಿ ಅದರಲ್ಲಿ ಇದೆಯಾ ತಮ್ಮಾ? ಭಜನೆಗೆ ಹೋಗುತ್ತಿದ್ದರಾ?

ಚಿತ್ತಾಪುರದವ · 11:06

ಗೊತ್ತಾಗುತ್ತಿಲ್ಲ ಅಕ್ಕಾ. ಎಲ್ಲರೂ ಒಟ್ಟಿಗೆ ಎತ್ತಿಕೊಳ್ಳುತ್ತಾರೆ. ಅಕ್ಕ ಒಂದು ಕಡೆ ಇವರೇ ಅಂತಾಳೆ, ಭಾವ ಅಲ್ಲ ಅಂತಾರೆ. ಎರಡನೇ ಕ್ಯಾಸೆಟ್ಟಿನ ಶುರುವಿನಲ್ಲಿ ಒಬ್ಬರು ಕೆಮ್ಮಿ ಊರಿನ ಹೆಸರು ಹೇಳುತ್ತಾರೆ. ಟೇಪು ಎಳೆದಿದೆ. ನಾಲವಾರ ಅಂತಲೂ ಕೇಳುತ್ತೆ, ಹಲಕಟ್ಟಾ ಅಂತಲೂ ಕೇಳುತ್ತೆ.

ತೊಗರಿ ಕಣಜ · 11:08

ನಾಲವಾರಕ್ಕೂ ಹಲಕಟ್ಟಾಕ್ಕೂ ಏನು ಸಂಬಂಧ ಮಾರಾಯರೇ! ಎಷ್ಟು ಎಳೆದಿದೆ ಅದು? ಆ ತುಣುಕು ಇಲ್ಲಿ ಹಾಕಿ, ನಮ್ಮ ಹೆಂಡತಿ ತವರು ನಾಲವಾರ. ಬೆಳಿಗ್ಗೆ ಮಾವನಿಗೆ ಕೇಳಿಸುತ್ತೇನೆ.

ಚಿತ್ತಾಪುರದವ · 11:15

ಫೋನಿನಲ್ಲಿ ಹಿಡಿದು ಹಾಕುತ್ತೇನೆ, ಹತ್ತು ನಿಮಿಷ ಕೊಡಿ. ಅಕ್ಕನ ಮಕ್ಕಳು ಮಲಗಿದ್ದಾರೆ, ಅಡುಗೆ ಮನೆಗೆ ಒಯ್ದು ಹಚ್ಚಬೇಕು.